ಹೋಗಿ ಬಾ ಎಂಬ ಪದಕ್ಕೆ ನಾನು ಹೇಳಿದ ಅರ್ಥ

ನಮ್ಮ ಕಡೆ ಅರ್ಥ ಹೇಳುವುದು ಎಂದರೆ ಪುಸ್ತಕ ಬಿಡಿಸಿ ಪಾಠ ಮಾಡುವುದಲ್ಲ, ತಾಳಮದ್ದಳೆಯಲ್ಲಿ ಕೂತು ಮಾತಾಡುವುದು. ಭಾಗವತರು ಒಂದು ಪದ ಹಾಡುತ್ತಾರೆ, ಮದ್ದಳೆಯವರು ಬಾರಿಸುತ್ತಾರೆ. ಪದ ನಿಂತ ಕೂಡಲೇ ಚಾಪೆಯ ಮೇಲೆ ಕೂತ ಮನುಷ್ಯ ರಾಜನಾಗಿಯೋ ರಾಣಿಯಾಗಿಯೋ ಮಾತು ತೆಗೆಯಬೇಕು. ವೇಷ ಇಲ್ಲ, ಕುಣಿತ ಇಲ್ಲ, ಬಾಯಿಪಾಠ ಮಾಡಿದ ಮಾತೂ ಇಲ್ಲ. ಪದ ಹಿಂದಿನವರು ಬರೆದಿಟ್ಟದ್ದು, ಅದನ್ನು ಬದಲಿಸುವ ಹಾಗಿಲ್ಲ. ಅರ್ಥ ಮಾತ್ರ ಆ ಹೊತ್ತಿಗೆ ಬಾಯಿಗೆ ಬಂದದ್ದು. ಚೆನ್ನಾಗಿ ಬಂದರೆ ಜನ ತಲೆದೂಗುತ್ತಾರೆ, ಬಾರದಿದ್ದರೆ ಚಹಾ ಕುಡಿಯಲು ಎದ್ದು ಹೋಗುತ್ತಾರೆ.

ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಾಪುವಿನ ಸಮುದ್ರದ ಬದಿಯಲ್ಲಿ ಹುಟ್ಟಿ ಅಲ್ಲೇ ಪಕ್ಕದ ಮನೆಗೆ ಮದುವೆಯಾಗಿ ಮೀನು ಮಾರಿದವಳು. ಅಂಥವಳು ಬದುಕಿನ ಅರ್ಥ ಎಂದು ಬರೆಯಲು ಕೂತರೆ ಓದುವವರು ನಗಬಹುದು. ನಗಲಿ. ನಾನು ಮೊದಲ ಸಲ ಅರ್ಥ ಹೇಳಿದ ದಿನ ಭಜನಾ ಮಂದಿರದಲ್ಲಿಯೂ ನಕ್ಕಿದ್ದರು.

ಮಣಿಪಾಲದ ಗುಡ್ಡದ ಮೇಲೆ ಒಂದರ ಹಿಂದೆ ಒಂದು ಕಟ್ಟಡ ಏಳುತ್ತಿದ್ದ ಕಾಲ, ಎಪ್ಪತ್ತರ ದಶಕದ ಕೊನೆ. ಬೆಳಿಗ್ಗೆ ದೋಣಿ ದಡಕ್ಕೆ ಬಂದ ಮೇಲೆ ಬುಟ್ಟಿ ತುಂಬಿಕೊಂಡು ಕಾಪುವಿನಲ್ಲಿ ಬಸ್ಸು ಹತ್ತುವುದು, ಉಡುಪಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುವುದು, ಮಣಿಪಾಲದಲ್ಲಿ ಮನೆಮನೆ ಹತ್ತಿ ಇಳಿದು ಮೀನು ಕೆಡುವ ಮೊದಲು ಬುಟ್ಟಿ ಖಾಲಿ ಮಾಡುವುದು, ಇದು ನನ್ನ ದಿನ. ಕಂಡಕ್ಟರರಿಗೂ ನನಗೂ ದಿನಾ ಜಗಳ.

"ಅಕ್ಕಾ, ಬುಟ್ಟಿ ಹಿಂದೆ ಇಡಿ, ನೀವು ಮುಂದೆ ಬನ್ನಿ."

"ಬುಟ್ಟಿ ಎಲ್ಲಿಯೋ ನಾನು ಅಲ್ಲಿಯೇ ಮಾರಾಯ. ನನ್ನನ್ನು ಮುಂದೆ ಕೂರಿಸಿದರೆ ಹಿಂದೆ ನೀನು ಬಂಗುಡೆ ಆರಿಸುತ್ತೀಯ ಎಂದು ಗೊತ್ತುಂಟು ನನಗೆ."

ಬಸ್ಸು ಇಡೀ ನಗುತ್ತಿತ್ತು. ಮೀನಿನ ನೀರು ಸೀರೆಗೆ ತಾಗಿದವರು ಮಾತ್ರ ನಗುತ್ತಿರಲಿಲ್ಲ.

ನಮ್ಮ ಮನೆಯಿಂದ ರಸ್ತೆಗೆ ಬರುವ ದಾರಿಯಲ್ಲಿ ಮಾಷ್ಟ್ರ ಮನೆ. ನನಗೆ ಆ ಮೂರು ಕ್ಲಾಸು ಕಲಿಸಿದವರು ಅವರೇ. ಮೂವತ್ತು ವರ್ಷ ಒಂದೇ ಶಾಲೆಯಲ್ಲಿ ಪಾಠ ಮಾಡಿದರು. ಬೊಂಬಾಯಿಯಲ್ಲಿ ಗಂಡ ಇರುವ ಹೆಂಗಸರಿಗೆಲ್ಲ ಕಾಗದ ಬರೆದು ಕೊಟ್ಟರು, ಬಂದ ಕಾಗದ ಓದಿ ಹೇಳಿದರು. ಅರ್ಥ ಹೇಳುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಕಾರ್ಕಳದಿಂದಲೂ ಕರೆ ಬರುತ್ತಿತ್ತು. ಮನೆಯಲ್ಲಿ ಹೆಂಡತಿ, ಮತ್ತೆ ಒಬ್ಬ ಅಕ್ಕ. ಅಕ್ಕ ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದು ಅಡಿಗೆಮನೆ ಹಿಡಿದವರು. ಮಾಷ್ಟ್ರಿಗೂ ಅಕ್ಕನಿಗೂ ಮಕ್ಕಳಿಲ್ಲ.

ಮಾಷ್ಟ್ರು ರಿಟೈರಾದ ವರ್ಷವೇ ಅವರ ಹೆಂಡತಿ ತೀರಿಕೊಂಡರು. ಅದಾದ ಮೇಲೆ ಅವರಿಗೆ ಒಂದು ಹುಚ್ಚು ಹಿಡಿಯಿತು. ದಾರಿಯಲ್ಲಿ ಸಿಕ್ಕಿದವರನ್ನು ನಿಲ್ಲಿಸಿ ಕೇಳುವುದು, "ಈ ಬದುಕಿಗೆ ಎಂತ ಅರ್ಥ, ಹೇಳು ನೋಡುವ?"

ಕಟಪಾಡಿಯ ಜಿನಸಿನಂಗಡಿಯ ಬ್ಯಾರಿ ಸಾಹೇಬರು ತಕ್ಕಡಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದರಂತೆ, "ಮಾಷ್ಟ್ರೇ, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಇದನ್ನು ಕೇಳಬೇಡಿ. ಮಧ್ಯಾಹ್ನ ನಮಾಜು ಮುಗಿಸಿ ಬರುತ್ತೇನೆ, ಆಗ ಗಿರಾಕಿ ಕಡಿಮೆ. ಕೂತು ಮಾತಾಡುವ." ಉದ್ಯಾವರದ ಒಬ್ಬರು ಕೊಂಕಣಿ ಹೆಂಗಸು, "ಅದನ್ನು ನಮ್ಮ ಪಾದ್ರಿಗಳು ಭಾನುವಾರ ಹೇಳುತ್ತಾರೆ. ವಾರದ ಮಧ್ಯೆ ನಮಗೆ ಗದ್ದೆ ಕೆಲಸ ಉಂಟು" ಎಂದರಂತೆ. ಎರಡನ್ನೂ ಮಾಷ್ಟ್ರೇ ನನಗೆ ಹೇಳಿ ಬೇಸರಪಟ್ಟುಕೊಂಡರು. ನನಗೆ ನಗು ತಡೆಯಲಿಲ್ಲ.

"ನಗಬೇಡ. ನೀನು ಹೇಳು."

"ಮೊದಲು ಬುಟ್ಟಿ ಇಳಿಸಲು ಒಂದು ಕೈ ಕೊಡಿ ಮಾಷ್ಟ್ರೇ. ಆಮೇಲೆ ಹೇಳುತ್ತೇನೆ."

ಕೊಟ್ಟರು. ಬುಟ್ಟಿ ಇಳಿಸಿ, ಕುತ್ತಿಗೆ ತಿರುಗಿಸಿ, ಸೊಂಟ ನೆಟ್ಟಗೆ ಮಾಡಿ, ಅವರ ಅಕ್ಕನಿಗೆ ಬಂಗುಡೆ ಆರಿಸಿ ಕೊಟ್ಟು, ಮತ್ತೆ ಹೊತ್ತುಕೊಂಡು ಹೊರಟೆ. ಬೇಲಿಯ ತಡಮೆ ದಾಟುವಾಗ ಹಿಂದಿನಿಂದ ಕೂಗಿದರು, "ಹೇಳಲೇ ಇಲ್ಲವಲ್ಲ ಮಾರಾಯ್ತಿ!"

"ಬಸ್ಸು ಬಂತು ಮಾಷ್ಟ್ರೇ!" ಎಂದು ಓಡಿದೆ.

ಆದರೆ ಆ ದಿನ ಬಸ್ಸಿನಲ್ಲಿ ಯೋಚಿಸಿದೆ. ಬುಟ್ಟಿ ತಲೆಯ ಮೇಲಿರುವಾಗ ನನಗೆ ಆ ಪ್ರಶ್ನೆ ಬರುವುದಿಲ್ಲ. ಇಳಿಸಿದ ಮೇಲೂ ಬರುವುದಿಲ್ಲ, ಇಳಿಸಿದ ಸುಖವೇ ಅಷ್ಟಿರುತ್ತದೆ. ಹಾಗಾದರೆ ಯಾವಾಗ ಬರುತ್ತದೆ? ಹೊರಲು ಏನೂ ಇಲ್ಲದವರಿಗೆ ಬರುತ್ತದೆ ಎಂದು ತೋರಿತು. ಮಾಷ್ಟ್ರ ತಲೆಯಿಂದ ಶಾಲೆಯೂ ಇಳಿದಿತ್ತು, ಸಂಸಾರವೂ ಇಳಿದಿತ್ತು, ಬುಟ್ಟಿಯ ಅಡಿಗೆ ಇಡುವ ಬಟ್ಟೆಯ ಸಿಂಬಿ ಒಂದು ಬಾಕಿ ಉಳಿದಿತ್ತು. ಖಾಲಿ ಸಿಂಬಿ ಇಟ್ಟುಕೊಂಡು ನಡೆಯುವುದು ಬುಟ್ಟಿ ಹೊತ್ತುಕೊಂಡು ನಡೆಯುವುದಕ್ಕಿಂತ ಕಷ್ಟ. ಕೈ ಸುಮ್ಮನೆ ಮೇಲೆ ಹೋಗುತ್ತಿರುತ್ತದೆ.

ಎರಡು ವರ್ಷ ಹೀಗೆ ಕೇಳಿ ಕೇಳಿ, ಮಾಷ್ಟ್ರು ಒಂದು ದಿನ ತೀರ್ಮಾನ ಹೇಳಿದರು. ಗಂಗೆಯ ಕಡೆ ಯಾವುದೋ ಆಶ್ರಮಕ್ಕೆ ಹೋಗುವುದು, ಮತ್ತೆ ಬರುವುದಿಲ್ಲ, ಮನೆಗೆ ಬೀಗ. ಅಕ್ಕ ಕಾರ್ಕಳಕ್ಕೆ, ಇನ್ನೊಬ್ಬ ತಮ್ಮನ ಮಗನ ಮನೆಗೆ.

ಅಕ್ಕ ನನ್ನ ಹತ್ತಿರ ಬಾವಿಕಟ್ಟೆಯಲ್ಲಿ ಸಿಟ್ಟು ತೋಡಿಕೊಂಡರು. ಅಳಲಿಲ್ಲ. ಅವರು ಅಳುವ ಜಾತಿಯಲ್ಲ.

"ಕಾರ್ಕಳದಲ್ಲಿ ನಾನು ಎಂತ ಮಾಡುವುದು? ಸಮುದ್ರ ಇಲ್ಲ, ಮೀನು ಅಲ್ಲಿಗೆ ಬರುವಾಗ ಹಳತಾಗಿ ಅದರ ಕಣ್ಣು ಒಳಗೆ ಹೋಗಿರುತ್ತದೆ. ಬಂಡೆ ನೋಡಿಕೊಂಡು ಕೂರುವುದಾ? ಆ ಹುಡುಗನ ಹೆಂಡತಿ ಒಳ್ಳೆಯವಳೇ. ಒಂದು ಲೋಟ ತೊಳೆಯಲು ಬಿಡುವುದಿಲ್ಲ. ನೀವು ಕೂತುಕೊಳ್ಳಿ ಅತ್ತೆ, ನೀವು ಕೂತುಕೊಳ್ಳಿ ಅತ್ತೆ. ಕೂತು ಕೂತು ಸಾಯಬೇಕು."

"ತಮ್ಮನಿಗೆ ಹೇಳಿದಿರಾ?"

"ಹೇಳಿದರೆ ಶ್ಲೋಕ ಹೇಳುತ್ತಾನೆ. ಶ್ಲೋಕಕ್ಕೆ ನಾನು ಎಂತ ಹೇಳುವುದು?"

ಅದು ಆಟಿ ತಿಂಗಳು, ಜೋರು ಮಳೆಗಾಲ. ಆಗ ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಗಂಡಸರೆಲ್ಲ ಮನೆಯಲ್ಲಿ, ನಾನು ಒಣಮೀನು ಹಿಡಿದುಕೊಂಡು ವಾರಕ್ಕೆರಡು ದಿನ ಮಾತ್ರ ಹೋಗುತ್ತಿದ್ದೆ. ತಾಳಮದ್ದಳೆಗೆ ಅದೇ ಕಾಲ. ಹೊರಡುವ ಮೊದಲು ಮಾಷ್ಟ್ರದ್ದು ಕೊನೆಯ ಕೂಟ ಎಂದು ಒಂದು ಭಾನುವಾರ ಮಧ್ಯಾಹ್ನಕ್ಕೆ ನಮ್ಮ ಭಜನಾ ಮಂದಿರದಲ್ಲಿ ಇಟ್ಟರು. ಕತೆಯನ್ನು ಮಾಷ್ಟ್ರೇ ಆರಿಸಿದರು. ಒಬ್ಬ ರಾಜನಿಗೆ ವೈರಾಗ್ಯ ಬರುತ್ತದೆ, ಕಾಡಿಗೆ ಹೊರಡುತ್ತಾನೆ, ರಾಣಿ ತಡೆಯುತ್ತಾಳೆ, ಕೊನೆಗೆ ಒಪ್ಪಿ ಕಳಿಸುತ್ತಾಳೆ. ರಾಜ ಮಾಷ್ಟ್ರು. ರಾಣಿ ಕಟಪಾಡಿಯ ಟೈಲರ್. ಅವನು ಇಪ್ಪತ್ತು ವರ್ಷದಿಂದ ನಮ್ಮೂರಿನ ಎಲ್ಲ ರಾಣಿಯರ ಅರ್ಥ ಹೇಳಿದವನು. ಅಳುವುದರಲ್ಲಿ ಅವನಿಗೆ ಸಮ ಇಲ್ಲ.

ಕೂಟಕ್ಕೆ ಮೂರು ದಿನ ಇರುವಾಗ ಟೈಲರನ ದವಡೆ ಹಲ್ಲು ಬಾತು ಮುಖ ಹಲಸಿನ ಹಣ್ಣಿನ ಹಾಗಾಯಿತು. ಬಾಯಿ ತೆರೆಯಲಾಗದ ರಾಣಿಯನ್ನು ಇಟ್ಟುಕೊಂಡು ಎಂತ ಮಾಡುವುದು? ಮಂದಿರದ ಜಗಲಿಯಲ್ಲಿ ನಾಲ್ಕು ಜನ ತಲೆಗೆ ಕೈಹೊತ್ತು ಕೂತಿದ್ದರು. ಹೂ ಕೊಡಲು ಬಂದ ಮಾಷ್ಟ್ರ ಅಕ್ಕ ನನ್ನನ್ನು ತೋರಿಸಿ, "ಇವಳು ಹೇಳಲಿ" ಎಂದುಬಿಟ್ಟರು.

ನಾನು ಅಂಗಳ ಗುಡಿಸುತ್ತಿದ್ದೆ. ಹಿಡಿಸೂಡಿ ಕೈಯಲ್ಲೇ ಇತ್ತು.

"ಹೆಂಗಸು ಅರ್ಥ ಹೇಳುವುದುಂಟಾ?" ಎಂದರು ಭಾಗವತರು. ಭಾಗವತರು ಎಂದರೆ ಬೇರೆ ದಿನ ಸೋಡಾದ ಅಂಗಡಿ ಇಟ್ಟವರು.

ಅಕ್ಕ ಕೇಳಿದರು, "ರಾಣಿ ಹೆಂಗಸಲ್ವಾ?"

"ಹೆಂಗಸೇ."

"ಮೀಸೆ ಇರುವ ರಾಣಿ ಇಪ್ಪತ್ತು ವರ್ಷ ಆಯಿತು, ಮೀಸೆ ಇಲ್ಲದ ರಾಣಿ ಒಂದು ದಿನ ಆಗುವುದಿಲ್ವಾ?"

ಭಾಗವತರು ತಲೆ ಕೆರೆದುಕೊಂಡರು. ನಾನೇ ನಡುವೆ ಬಾಯಿ ಹಾಕಿದೆ. "ಅಕ್ಕ, ನನಗೆ ಬರುವುದಿಲ್ಲ."

"ಬಸ್ಸಿನಲ್ಲಿ ಕಂಡಕ್ಟರನ ಬಾಯಿ ಮುಚ್ಚಿಸುವವಳಿಗೆ ಬರುವುದಿಲ್ಲವಾ?" ಎಂದರು. ಮತ್ತೆ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, "ನಾನು ಹೇಳಿದರೆ ಅವನು ಕೇಳುವುದಿಲ್ಲ. ಅರ್ಥದಲ್ಲಿ ಹೇಳಿದರೆ ಉತ್ತರ ಕೊಡಲೇಬೇಕು, ಎದ್ದು ಹೋಗುವ ಹಾಗಿಲ್ಲ. ನನ್ನ ಮನೆ ಉಳಿಸಿಕೊಡು" ಎಂದರು.

ಆಮೇಲೆ ಇಲ್ಲ ಎನ್ನುವುದು ಹೇಗೆ?

ಟೈಲರ್ ನನಗೆ ಎರಡು ಸಂಜೆ ಹೇಳಿಕೊಟ್ಟ. ಮುಖಕ್ಕೆ ಮಫ್ಲರ್ ಸುತ್ತಿಕೊಂಡಿದ್ದ, ಬಾಯಿಯಿಂದ ಅರ್ಧ ಮಾತು ಹೊರಗೆ ಬರುತ್ತಿತ್ತು. ನನಗೆ ತಿಳಿದದ್ದು ಇಷ್ಟು. ಮೂರು ಪದ ಉಂಟು. ಮೊದಲನೆಯದಕ್ಕೆ ಅಳಬೇಕು, ಎರಡನೆಯದಕ್ಕೆ ಬೇಡಬೇಕು. ಶುದ್ಧ ಕನ್ನಡ ಮಾತಾಡಬೇಕು, ತುಳು ಬರಬಾರದು, ಇಂಗ್ಲಿಷ್ ಅಂತೂ ಬರಲೇಬಾರದು. ಗಂಡನನ್ನು 'ನಾಥಾ' ಎನ್ನಬೇಕು. ಮೂರನೆಯ ಪದಕ್ಕೆ ಏನು ಮಾಡಬೇಕೆಂದು ಹೇಳಿದ್ದು ಮಫ್ಲರಿನ ಒಳಗೇ ಉಳಿಯಿತು. ಕತೆಯಲ್ಲಿ ಸೋಲುವ ಪಾತ್ರ ಎಷ್ಟು ಜಾಣತನ ಇದ್ದರೂ ಕೊನೆಗೆ ಸೋತು ಕೊಡಬೇಕು, ಅದು ಕೂಟದ ಕಟ್ಟುಪಾಡು ಎಂದು ನನಗೆ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಹೇಳುತ್ತಾರೆ?

ಮನೆಯಲ್ಲಿ ಗಂಡನ ಎದುರು ಒಂದು ಸಲ ಹೇಳಿ ನೋಡಿದೆ. "ನಾಥಾ" ಎಂದೆ. ಅವರು ಬಲೆ ಹೆಣೆಯುತ್ತಿದ್ದವರು ಹಿಂದೆ ತಿರುಗಿ ಯಾರು ಬಂದರೆಂದು ನೋಡಿದರು. ನಾನೇ ಕರೆದದ್ದು ಎಂದು ತಿಳಿದ ಮೇಲೆ, "ಏನಾದರೂ ಮಾಡು, ಮೀನು ಮಾರುವ ಹಾಗೆ ಕೂಗಬೇಡ" ಎಂದರು.

ಭಾನುವಾರ ಮಂದಿರ ತುಂಬಿತ್ತು. ಹೆಂಗಸರು ಯಾವಾಗಲೂ ಗೋಡೆ ಬದಿಗೆ ನಾಲ್ಕು ಜನ ಇರುತ್ತಿದ್ದರು, ಆ ದಿನ ಅರ್ಧ ಮಂದಿರ ಅವರೇ. ಹೆಜಮಾಡಿಯಿಂದಲೂ ಬಂದಿದ್ದರು, ಮೀನಿನವಳು ಅರ್ಥ ಹೇಳುತ್ತಾಳಂತೆ ಎಂದು. ಮಾಷ್ಟ್ರ ಅಕ್ಕ ಕಂಬಕ್ಕೆ ಒರಗಿ ನಿಂತಿದ್ದರು. ಕಾರ್ಕಳದ ಆ ತಮ್ಮನ ಮಗನೂ ಬಂದಿದ್ದ, ಅತ್ತೆಯ ಟ್ರಂಕು ತೆಗೆದುಕೊಂಡು ಹೋಗಲು.

ನಾನು ಮಾಷ್ಟ್ರ ಎದುರು ಚಾಪೆಯಲ್ಲಿ ಕೂತೆ. ಅವರು ಕನ್ನಡಕ ಒರೆಸಿ, ಮೆಲ್ಲಗೆ, "ಹೆದರಬೇಡ, ನಾನು ಎತ್ತಿಕೊಳ್ಳುತ್ತೇನೆ" ಎಂದರು. ಒಳ್ಳೆಯ ಮನುಷ್ಯ. ಎಲ್ಲಿ ಬೀಳುತ್ತೇನೋ ಅಲ್ಲಿ ಎತ್ತಿಕೊಳ್ಳಲು ತಯಾರಾಗಿದ್ದರು.

ಮೊದಲ ಪದ ಆಯಿತು. ರಾಜ ಮಾತಾಡಿದ. ಆಹಾ, ಏನು ಮಾತು! ಅರ್ಧ ಗಂಟೆ. "ಪ್ರಿಯೇ, ಈ ಸಂಸಾರವೆಂಬುದು ತಿರುಗುವ ಗಾಣ. ಕಣ್ಣು ಕಟ್ಟಿದ ಎತ್ತಿನಂತೆ ಸುತ್ತಿದ್ದೇ ಸುತ್ತು, ತಲುಪಿದ್ದು ಎಲ್ಲಿಗೂ ಇಲ್ಲ. ಇದಕ್ಕೆ ಏನರ್ಥ?" ಜನ ತಲೆದೂಗಿದರು. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಬಾಯಿಗೆ ಬಂದದ್ದು ಬೇರೆ.

"ನಾಥಾ, ಗಾಣ ಸುತ್ತಿದರೆ ಎಣ್ಣೆ ಬರುತ್ತದಲ್ಲ? ಎಲ್ಲಿಗಾದರೂ ತಲುಪಲಿ ಎಂದು ಗಾಣಕ್ಕೆ ಎತ್ತು ಕಟ್ಟಿದವರು ಯಾರು?"

ಮಂದಿರ ಇಡೀ ನಕ್ಕಿತು. ಮದ್ದಳೆಯವರು ಸುಮ್ಮನೆ ಒಂದು ಪೆಟ್ಟು ಹೊಡೆದರು. ಮಾಷ್ಟ್ರು ಕಣ್ಣು ಅಗಲ ಮಾಡಿ ನೋಡಿದರು. ಅವರ ಮುಖದಲ್ಲಿ ನಗು ಕಂಡು ಎರಡು ವರ್ಷವಾಗಿತ್ತು. ನನಗೆ ಧೈರ್ಯ ಬಂತು. ಧೈರ್ಯ ಬಂದದ್ದೇ ತಪ್ಪು.

"ನಿಮಗೆ ಬೇಸರ ಬಂದಿದೆ ನಾಥಾ, ಅಷ್ಟೇ. ಬೆಳಿಗ್ಗೆ ಎದ್ದು, ಹೊರೆ ಹೊತ್ತು, ಬಸ್ಸಿಗೆ ಕಾದು..."

ಬಸ್ಸು! ರಾಣಿಯ ಬಾಯಲ್ಲಿ ಬಸ್ಸು! ಹೆಂಗಸರ ಕಡೆಯಿಂದ ಒಬ್ಬಳು "ಅಯ್ಯೋ ದೇವರೇ" ಎಂದಳು. ಗಂಡಸರು ತೊಡೆ ತಟ್ಟಿಕೊಂಡು ನಕ್ಕರು. ಟೈಲರ್ ಮಫ್ಲರನ್ನು ಕಣ್ಣಿನವರೆಗೆ ಎಳೆದುಕೊಂಡ. ನನ್ನ ಗಂಡ ಚಪ್ಪಲಿ ಹುಡುಕುತ್ತಾ ಬಾಗಿಲಿನ ಕಡೆ ಹೋಗುವುದು ಕಂಡಿತು.

ಮಾಷ್ಟ್ರು ಕೈ ಎತ್ತಿ ನಗು ನಿಲ್ಲಿಸಿದರು. ರಾಜನ ಗತ್ತಿನಲ್ಲೇ ಕೇಳಿದರು, "ರಾಣೀ, ಬಸ್ಸು ಎಂದೆಯಲ್ಲ, ಅದು ಯಾವ ಪ್ರಾಣಿ? ನಮ್ಮ ಲಾಯದಲ್ಲಿ ಆನೆಯಿದೆ, ಕುದುರೆಯಿದೆ. ಬಸ್ಸನ್ನು ನಾನು ಕಂಡಿಲ್ಲ."

"ಅರಮನೆಯ ಒಳಗೆ ಕೂತವರಿಗೆ ಕಾಣುವುದಿಲ್ಲ ನಾಥಾ. ಪ್ರಜೆಗಳು ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಹೋಗುವ ರಥ ಅದು. ಅದರಲ್ಲಿ ಒಂದು ಸಲವೂ ಕೂರದವರು ಪ್ರಪಂಚ ಸಾಕಾಯಿತು ಎಂದರೆ ಹೇಗೆ?"

ಗಂಡ ಬಾಗಿಲಿನಿಂದ ವಾಪಸ್ಸು ಬಂದು ಕೂತರು. ಚಹಾಕ್ಕೆ ಎದ್ದವರೂ ಕೂತರು.

ಎರಡನೆಯ ಪದ ಬೇಡುವ ಪದ. ಮಾಷ್ಟ್ರು ಈ ಸಲ ನಿಧಾನವಾಗಿ ಮಾತಾಡಿದರು. ಅದು ರಾಜನ ಮಾತೋ ಅವರದ್ದೇ ಮಾತೋ ತಿಳಿಯದ ಹಾಗಿತ್ತು. "ಪಂಡಿತರನ್ನು ಕೇಳಿದೆ, ಮುನಿಗಳನ್ನು ಕೇಳಿದೆ, ವ್ಯಾಪಾರಿಗಳನ್ನು ಕೇಳಿದೆ, ಹಾದಿಹೋಕರನ್ನೂ ಬಿಡಲಿಲ್ಲ. ಈ ಬದುಕಿನ ಅರ್ಥವನ್ನು ಒಬ್ಬರೂ ಹೇಳಲಿಲ್ಲ. ಇನ್ನು ಯಾರನ್ನು ಕೇಳಲಿ?"

ಯಾರೂ ನಗಲಿಲ್ಲ. ಎಲ್ಲರನ್ನೂ ಅವರು ಕೇಳಿದ್ದರಲ್ಲ.

ನಾನು ಬೇಡಬೇಕಿತ್ತು. ಬೇಡುವುದು ನನಗೆ ಅಭ್ಯಾಸವಿಲ್ಲ. "ಎಲ್ಲರನ್ನೂ ಕೇಳಿದಿರಿ," ಎಂದೆ, "ನಿಮಗೆ ಅನ್ನ ಬಡಿಸುವವಳನ್ನು ಒಂದು ದಿನ ಕೇಳಿದಿರಾ? ಇಷ್ಟು ವರ್ಷ ಅವಳು ನಿಮ್ಮ ಮನೆಯ ಒಲೆ ಉರಿಸಿದಳು. ಅವಳಿಗೆ ಏನೋ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ದಿನಾ ಬೆಳಿಗ್ಗೆ ಯಾಕೆ ಎದ್ದಳು? ಮುನಿಗಳ ಹತ್ತಿರ ನಡೆದು ಹೋಗಿ ಕೇಳಿದಿರಿ, ಅಡಿಗೆಮನೆಗೆ ಹತ್ತು ಹೆಜ್ಜೆ. ಅದು ದೂರವಾಯಿತಾ?"

 ಮಾಷ್ಟ್ರ ಎದುರು ಮಾತು ನಿಂತವರನ್ನು ನಾವು ಎಷ್ಟೋ ನೋಡಿದ್ದೇವೆ, ಅವರ ಮಾತು ನಿಂತದ್ದನ್ನು ಅಂದೇ ನೋಡಿದ್ದು. ಕಂಬದ ಕಡೆಗೆ ನೋಡಿದರು. ಅಕ್ಕ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ಹೊರಗೆ ಸಮುದ್ರದ ಸದ್ದು ಕೇಳುತ್ತಿತ್ತು, ಆಟಿಯ ಸಮುದ್ರ ಸುಮ್ಮನಿರುವುದಿಲ್ಲ.

ಭಾಗವತರು ಗಡಿಬಿಡಿಯಲ್ಲಿ ಮೂರನೆಯ ಪದ ತೆಗೆದರು. ಅದರಲ್ಲಿ ರಾಣಿ ಕಣ್ಣೀರು ಒರೆಸಿಕೊಂಡು, ರಾಜನ ಕಾಲಿಗೆ ಬಿದ್ದು, 'ಪೋಗಿ ಬಾ' ಎಂದು ಕಳಿಸಿಕೊಡುತ್ತಾಳೆ. ನಾನು ಒಪ್ಪಿದೆ ಎಂದು ಒಂದು ಮಾತು ಹೇಳಿದರೆ ಕತೆ ಮುಗಿಯಿತು. ರಾಜ ಕಾಡಿಗೆ, ಅಕ್ಕ ಕಾರ್ಕಳಕ್ಕೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಮಫ್ಲರಿನ ಮೇಲಿನಿಂದ ಟೈಲರ್ ಒಪ್ಪು, ಒಪ್ಪು ಎಂದು ಕೈಸನ್ನೆ ಮಾಡುತ್ತಿದ್ದ. ನಾನು ಅದನ್ನು ಒತ್ತು, ಇನ್ನೂ ಒತ್ತು ಎಂದು ತಿಳಿದುಕೊಂಡೆ.

"ನಾಥಾ, ನಾನು ಹೋಗಿ ಬಾ ಎಂದು ಹೇಳಬೇಕಂತೆ. ಪದದಲ್ಲಿ ಉಂಟು. ಹೇಳುತ್ತೇನೆ. ಹೋಗಿ ಬನ್ನಿ." ಭಾಗವತರು ಉಸಿರು ಬಿಟ್ಟು ಜಾಗಟೆಗೆ ಕೈ ಹಾಕಿದರು. "ಆದರೆ ಯಾವತ್ತು ಬರುತ್ತೀರಿ, ಅದನ್ನು ಹೇಳಿ ಹೋಗಿ."

ಜಾಗಟೆಯ ಕೈ ಅಲ್ಲಿಗೇ ನಿಂತಿತು.

"ರಾಣೀ," ಎಂದರು ಮಾಷ್ಟ್ರು, "ಕಾಡಿಗೆ ಹೋಗುವವನು ಬರುವುದಿಲ್ಲ. 'ಬಾ' ಎಂಬುದು ಮಾತಿನ ವಾಡಿಕೆ."

"ವಾಡಿಕೆ ಎಂದರೆ ಸುಳ್ಳಾ? ನಮ್ಮ ರಾಜ್ಯದಲ್ಲಿ ಅಂಗಡಿಗೆ ಹೋಗುವವನೂ ಹೋಗಿ ಬರುತ್ತೇನೆ ಎನ್ನುತ್ತಾನೆ, ಕಡಲಿಗೆ ಹೋಗುವವನೂ ಹೋಗಿ ಬರುತ್ತೇನೆ ಎನ್ನುತ್ತಾನೆ. ಕಡಲಿಗೆ ಹೋದವನು ಬರುತ್ತಾನೆಂದು ಯಾರಿಗೆ ಗೊತ್ತು? ಆದರೂ ಹೇಳುತ್ತಾನೆ, ಹೇಳಿದ ಮೇಲೆ ಬರಲು ನೋಡುತ್ತಾನೆ. 'ಬಾ' ಇಲ್ಲದೆ ಬರಿದೆ ಕಳಿಸುವುದು ಹೆಣವನ್ನು ಮಾತ್ರ. ನೀವು ಹೆಣವಾ?"

ಹೆಂಗಸರ ಕಡೆಯಿಂದ ಒಂದು ಗಂಟಲು, "ಸರಿಯಾಗಿ ಕೇಳಿದಳು!" ಎಂದಿತು. ಯಾರೆಂದು ಇವತ್ತಿಗೂ ಒಪ್ಪಿಕೊಂಡವರಿಲ್ಲ.

"ಪದ ಬದಲಿಸುವ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ ನಾಥಾ," ಎಂದೆ. "ಬಾ ಎಂದು ಬರೆದಿಟ್ಟಿದ್ದಾರೆ. ಬರಬೇಕು. ದಿನ ಹೇಳಿ."

ಮಾಷ್ಟ್ರು ಮಕ್ಕಳಿಗೆ ಅಕ್ಷರ ಅಕ್ಷರ ಓದಿಸಿದವರು. ಪದದಲ್ಲಿ ಇರುವುದನ್ನು ಇಲ್ಲ ಎನ್ನಲು ಅವರಿಂದ ಆಗಲಿಲ್ಲ.  ಕನ್ನಡಕ ತೆಗೆದರು. ಮತ್ತೆ ರಾಜನ ಸ್ವರ ಬಿಟ್ಟು, ಅವರದ್ದೇ ಸ್ವರದಲ್ಲಿ ಹೇಳಿದರು, "ಚೌತಿಯ ಮೊದಲು ಬರುತ್ತೇನೆ."

ನಾನು ಇನ್ನೊಂದು ಮಾತು ಆಡುವ ಮೊದಲು ಭಾಗವತರು ಜಾಗಟೆ ಬಾರಿಸಿ ಮಂಗಳ ಹಾಡಿ ಮುಗಿಸಿದರು.

ಆಮೇಲೆ ಮಂದಿರದ ಜಗಲಿಯಲ್ಲಿ ದೊಡ್ಡ ಗಲಾಟೆ. "ವೈರಾಗ್ಯ ಬಂದ ರಾಜ ಚೌತಿಗೆ ಬರುತ್ತೇನೆ ಎನ್ನುವುದಾ? ಕಾಡು ಎಂದರೆ ಮಾವನ ಮನೆಯಾ?" ಎಂದು ಭಾಗವತರು. "ರಾಣಿ ಸೋಲಬೇಕು ಎಂದು ಗೊತ್ತಿಲ್ಲದವಳನ್ನು ಕೂರಿಸಿದ್ದೇ ತಪ್ಪು" ಎಂದು ಇನ್ನೊಬ್ಬರು. ಟೈಲರನ ಹಲ್ಲುನೋವು ಆ ಸಿಟ್ಟಿಗೇ ಇಳಿದುಹೋಗಿರಬೇಕು, ಬಾಯಿ ತುಂಬ ಬೈದ. ಮಾಷ್ಟ್ರು ಮಾತ್ರ ನನ್ನ ಹತ್ತಿರ ಬಂದು, "ಮೂರನೇ ಕ್ಲಾಸಿಗೇ ಬಿಟ್ಟದ್ದು ಒಳ್ಳೆಯದಾಯಿತು. ಏಳನೆಯವರೆಗೆ ಬಂದಿದ್ದರೆ ನಾನು ಊರು ಬಿಡಬೇಕಿತ್ತು" ಎಂದರು.

"ಈಗಲೂ ಬಿಡುತ್ತಿದ್ದೀರಲ್ಲ ಮಾಷ್ಟ್ರೇ."

"ಹೌದು" ಎಂದರು. ಮುಂದಿನ ವಾರ ಹೋಗಿಯೇ ಹೋದರು. ಹೊರಡುವಾಗ ಅಕ್ಕನ ಮುಖ ನೋಡದೆ, ಚೀಲ ಹೆಗಲಿಗೆ ಹಾಕಿಕೊಂಡು, "ಹೋಗಿ ಬರುತ್ತೇನೆ" ಎಂದರು. ಅದನ್ನು ನಾನೂ ಕೇಳಿದೆ, ಬಸ್ಸಿಗೆ ಕಾಯುತ್ತಿದ್ದ ಇನ್ನೂ ಆರು ಜನ ಕೇಳಿದರು.

ಅಕ್ಕ ಟ್ರಂಕನ್ನು ಕಾರ್ಕಳದವನ ಕೈಗೆ ಕೊಡಲಿಲ್ಲ. "ಚೌತಿ ಕಳೆಯಲಿ" ಎಂದರು. ಅವನು ಮತ್ತೆ ಎರಡು ಸಲ ಬಂದ. "ಅತ್ತೆ, ಚಿಕ್ಕಪ್ಪ ಬರುವುದಿಲ್ಲ, ಅವರು ಸುಮ್ಮನೆ ತಾಳಮದ್ದಳೆಯಲ್ಲಿ ಹೇಳಿದ್ದು."

"ತಾಳಮದ್ದಳೆಯಲ್ಲಿ ಅವನು ಸುಳ್ಳು ಹೇಳಿದ್ದುಂಟಾ ಇಷ್ಟರವರೆಗೆ? ಮನೆಯಲ್ಲಿ ಬೇಕಾದರೆ ಹೇಳಿರಬಹುದು" ಎಂದು ಅಕ್ಕ ಅವನಿಗೆ ಊಟ ಹಾಕಿ ಕಳಿಸಿದರು.

ಹೀಗೆ ಹೇಳಿದರೂ ಅವರಿಗೆ ಒಳಗೆ ಹೆದರಿಕೆ ಇತ್ತು. ಆಶ್ರಮದಿಂದ ಮಾಷ್ಟ್ರ ಒಂದು ಕಾರ್ಡು ಬಂದಾಗ ನಾನು ಓದಿ ಹೇಳಿದೆ, ಮಾಷ್ಟ್ರು ಇಲ್ಲದ ಮೇಲೆ ಆ ದಾರಿಯಲ್ಲಿ ಕಾಗದ ಓದಲು ಅಷ್ಟಿಷ್ಟು ಬರುವವಳು ನಾನೇ. ತಲುಪಿದ್ದೇನೆ, ಇಲ್ಲಿ ಗಂಗೆ ಕೆಂಪಗೆ ಹರಿಯುತ್ತಿದೆ, ಸಾರಿಗೆ ಹುಳಿ ಹಾಕುವುದಿಲ್ಲ ಎಂದು ಬರೆದಿದ್ದರು. ಬರುವ ಮಾತು ಇರಲಿಲ್ಲ. ಅಕ್ಕ ಅದನ್ನು ಮೂರು ಸಲ ಓದಿಸಿದರು. "ಹುಳಿ ಇಲ್ಲ ಎಂದನಲ್ಲ" ಎಂದು ಅಷ್ಟಕ್ಕೇ ಧೈರ್ಯ ತಂದುಕೊಂಡರು.

ಆ ಕೂಟದ ಮೇಲೆ ನನ್ನನ್ನು ಹತ್ತು ವರ್ಷ ಅಲ್ಲಿ ಇಲ್ಲಿ ಅರ್ಥಕ್ಕೆ ಕರೆದರು. ಉದ್ಯಾವರಕ್ಕೆ ಹೋದೆ, ಎಂಬತ್ತರ ದಶಕದಲ್ಲಿ ಒಮ್ಮೆ ಕಾರ್ಕಳಕ್ಕೂ ಹೋದೆ. ಸೋಲಬೇಕಾದಲ್ಲಿ ಸೋಲಲು ಕಲಿತೆ, ಬಸ್ಸು ಎನ್ನದೆ ಇರಲು ಕಲಿತೆ. ಒಂದೇ ಪದಕ್ಕೆ ಹತ್ತು ಊರಿನಲ್ಲಿ ಹತ್ತು ಅರ್ಥ ಹೇಳಬೇಕಾಗುತ್ತದೆ. ನಿನ್ನೆ ಹೇಳಿದ್ದನ್ನೇ ಇವತ್ತು ಹೇಳಿದರೆ ನಿನ್ನೆಯ ಮೀನಿನ ಹಾಗೆ, ಯಾರೂ ಮುಟ್ಟುವುದಿಲ್ಲ. ಬದುಕಿನದ್ದೂ ಹಾಗೆಯೇ ಇರಬೇಕು ಎಂದು ನನಗೆ ಅನಿಸುತ್ತದೆ. ಎಲ್ಲೋ ಒಂದು ಕಡೆ ಅರ್ಥ ಬರೆದಿಟ್ಟಿದೆ, ಹುಡುಕಿ ತರಬೇಕು ಎಂದು ಮಾಷ್ಟ್ರು ತಿಳಿದಿದ್ದರು. ನಾನು ಅದನ್ನು ಆಯಾ ದಿನಕ್ಕೆ ಆ ದಿನವೇ ಹೇಳಬೇಕಾದದ್ದು ಎಂದು ತಿಳಿದಿದ್ದೇನೆ. ನನ್ನದು ತಪ್ಪಿರಬಹುದು.

ಮಾಷ್ಟ್ರು ಹೋದ ಆ ವರ್ಷ ಚೌತಿಗೆ ಎರಡು ದಿನ ಇರುವಾಗ ನಾನು ಮೀನು ಮುಗಿಸಿ ಬರುತ್ತಾ ಅಕ್ಕನ ಜಗಲಿಯಲ್ಲಿ ಕೂತಿದ್ದೆ. ಅವರು ಹಬ್ಬಕ್ಕೆ ಮೂಡೆ ಕಡುಬು ಬೇಯಿಸಲು ಕೇದಗೆ ಎಲೆಯ ಮುಳ್ಳು ಕತ್ತಿಯಲ್ಲಿ ತೆಗೆದು ಸುರುಳಿ ಸುತ್ತಿ ಕೊಟ್ಟೆ ಕಟ್ಟುತ್ತಿದ್ದರು. ಒಬ್ಬರಿಗೆ ಬೇಕಾಗುವುದಕ್ಕಿಂತ ಬಹಳ ಹೆಚ್ಚು ಕಟ್ಟಿದ್ದರು.  ತಡಮೆಯ ಹತ್ತಿರ ಸದ್ದಾಯಿತು. ತಲೆ ಬೋಳಿಸಿಕೊಂಡ ಒಬ್ಬ ಮನುಷ್ಯ ಚೀಲ ಹಿಡಿದು ನಿಂತಿದ್ದ. ಭಿಕ್ಷೆಯವನೆಂದು ನಾನು ಏಳಲು ಹೋದೆ. ಅಕ್ಕ ಏಳಲಿಲ್ಲ. ಕೊಟ್ಟೆಯಿಂದ ಕಣ್ಣು ತೆಗೆಯದೆ, "ಚಪ್ಪಲಿ ಅಲ್ಲೇ ಬಿಡು, ಸೆಗಣಿ ಸಾರಿಸಿದ್ದೇನೆ" ಎಂದರು.

ಮಾಷ್ಟ್ರು ಬಿಟ್ಟು ಬಂದರು. ಸಣಕಲಾಗಿದ್ದರು.

"ಸಿಕ್ಕಿತಾ ಮಾಷ್ಟ್ರೇ, ಅರ್ಥ?" ಎಂದೆ.

"ಅಲ್ಲಿ ಹಿಂದಿಯಲ್ಲಿ ಹೇಳುತ್ತಾರೆ ಮಾರಾಯ್ತಿ. ನನಗೆ ಅರ್ಧ ತಿಳಿಯಲಿಲ್ಲ. ತಿಳಿದ ಅರ್ಧವನ್ನು ನಾನೇ ಇಲ್ಲಿ ನೂರು ಸಲ ಹೇಳಿದ್ದೇನೆ." ಅಕ್ಕನ ಎದುರು ನೆಲದ ಮೇಲೆ ಕೂತರು, ಒಂದು ಎಲೆ ಎತ್ತಿ ಮುಳ್ಳು ತೆಗೆಯಲು ನೋಡಿ ಬೆರಳು ಚುಚ್ಚಿಸಿಕೊಂಡರು. ರಕ್ತ ಬಾಯಿಗೆ ಇಟ್ಟುಕೊಂಡು, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಹಾಗೆ ಕೇಳಿದರು, "ಅಕ್ಕ, ನಿನಗೆ ಎಂತ ಕಾಣುತ್ತದೆ? ಈ ಬದುಕಿಗೆ?"

ಅಕ್ಕ ಕತ್ತಿ ಕೆಳಗಿಟ್ಟರು. ಕಾಲು ಚಾಚಿ ಗೋಡೆಗೆ ಒರಗಿದರು. "ಈಗ ಕೇಳಿದಿಯಾ? ಸರಿ. ಹೇಳಲಿಕ್ಕೆ ತುಂಬ ಉಂಟು. ನಡುವೆ ಬಾಯಿ ಹಾಕಬಾರದು, ಶ್ಲೋಕ ಹೇಳಬಾರದು" ಎಂದರು. "ನಾನು ಈ ಮನೆಗೆ ಬಂದ ದಿನ ನೀನು ಎಂತ ಹೇಳಿದೆ, ನೆನಪುಂಟಾ?"

ಮಾಷ್ಟ್ರು ಇಲ್ಲ ಎಂದು ತಲೆ ಆಡಿಸಿದರು.

"ನನಗೆ ಉಂಟು" ಎಂದು ಅಕ್ಕ ಶುರು ಮಾಡಿದರು.

ನಾನು ಬುಟ್ಟಿ ಎತ್ತಿಕೊಂಡು ಎದ್ದೆ. ಅವರು ಏನೆಲ್ಲ ಹೇಳಿದರೆಂದು ನನಗೆ ಗೊತ್ತಿಲ್ಲ, ಆಮೇಲೆ ಕೇಳಲೂ ಇಲ್ಲ. ಸಂಜೆ ನೀರಿಗೆ ಹೋಗುವಾಗ ನೋಡಿದರೆ ಇಬ್ಬರೂ ಅಲ್ಲೇ ಇದ್ದರು. ಅಕ್ಕ ಇನ್ನೂ ಹೇಳುತ್ತಿದ್ದರು, ನಡುನಡುವೆ ಜೋರಾಗಿ ನಗುತ್ತಿದ್ದರು. ಮಾಷ್ಟ್ರು ಎಲೆಯ ಮುಳ್ಳು ತೆಗೆಯುತ್ತಿದ್ದರು, ಸ್ವಲ್ಪ ಕೈ ಕುದುರಿದ ಹಾಗೆ ಕಂಡಿತು.